ಮೂತ್ರಾಂಗಗಳ ರಚನೆಯನ್ನು ಬೆನ್ನಿನ ಕಡೆಯಿಂದ ಕಲಿಯುವ ಬಗೆ

ಮೂತ್ರಾಂಗವ್ಯೂಹದ ಚಿತ್ರ ಬರೆಯಿರಿ ಎಂದರೆ ಹೆಚ್ಚುಕಡಿಮೆ ಎಲ್ಲ ವಿದ್ಯಾರ್ಥಿಗಳೂ ಒಂದೇ ಚಿತ್ರ ಬರೆದು ಕೊಡುತ್ತಾರೆ. ಮೇಲೆ ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳು, ಅವುಗಳಿಂದ ಇಳಿಯುವ ಎರಡು ಗೆರೆಗಳು, ಕೆಳಗೊಂದು ಚೀಲ, ಚೀಲದ ಬಾಯಿಗೊಂದು ಕೊಳವೆ. ಹತ್ತನೆಯ ತರಗತಿಯ ಪರೀಕ್ಷೆಗೆ ಇಷ್ಟು ಸಾಕು. ಆದರೆ ನರ್ಸಿಂಗ್ ಅಥವಾ ಪ್ಯಾರಾಮೆಡಿಕಲ್ ಓದಲು ಬಂದವರಿಗೆ, ಮನೆಯಲ್ಲಿ ಕಿಡ್ನಿ ಕಲ್ಲಿನ ರೋಗಿಯನ್ನು ಇಟ್ಟುಕೊಂಡು ಸ್ಕ್ಯಾನ್ ರಿಪೋರ್ಟನ್ನು ತಿರುವಿ ನೋಡುವವರಿಗೆ ಈ ಚಿತ್ರ ಸಹಾಯಕ್ಕಿಂತ ಹೆಚ್ಚು ತೊಂದರೆಯನ್ನೇ ಮಾಡುತ್ತದೆ. ಅದು ದೇಹವನ್ನು ಎದುರಿನಿಂದ ನೋಡಿ ಬರೆದ ಚಪ್ಪಟೆ ಚಿತ್ರ. ಯಾವ ಅಂಗ ಎಷ್ಟು ಹಿಂದಿದೆ, ಯಾವುದು ಎಷ್ಟು ಮುಂದಿದೆ ಎಂಬುದನ್ನು ಅದು ಹೇಳುವುದೇ ಇಲ್ಲ. ಮೂತ್ರಪಿಂಡಗಳು ಬೆನ್ನಿಗೆ ಸೇರಿದವು, ಮೂತ್ರಕೋಶ ಮುಂಭಾಗದ ಮೂಳೆಗೆ ಅಂಟಿಕೊಂಡಿರುವಂಥದ್ದು, ಇವೆರಡನ್ನು ಜೋಡಿಸುವ ನಾಳಗಳು ಹಿಂದಿನಿಂದ ಮುಂದಕ್ಕೆ ಬಾಗಿ ಬರುತ್ತವೆ. ಇದೊಂದು ಸಂಗತಿ ಮನಸ್ಸಿನಲ್ಲಿ ಕುಳಿತರೆ ಮುಂದಿನ ಅರ್ಧ ಪಾಠ ತಾನಾಗಿಯೇ ಅರ್ಥವಾಗುತ್ತದೆ. ಆದ್ದರಿಂದ ಇಲ್ಲಿ ಪಾಠವನ್ನು ಬೆನ್ನಿನಿಂದ ಆರಂಭಿಸಿದ್ದೇನೆ. ಇದಕ್ಕೆ ಬೇಕಾಗುವ ಸಾಮಗ್ರಿ ಒಂದು ತುಂಡು ಸೀಮೆಸುಣ್ಣ, ಒಂದು ಸ್ಕೇಲು, 25 ಸೆಂ.ಮೀ. ಉದ್ದದ ಉಲ್ಲನ್ ದಾರ, ಮಾಂಸದಂಗಡಿಯಿಂದ ತಂದ ಒಂದು ಕುರಿಯ ಕಿಡ್ನಿ, ಮತ್ತು ಬೆನ್ನು ಕೊಟ್ಟು ನಿಲ್ಲಲು ಒಪ್ಪುವ ಒಬ್ಬ ಗೆಳೆಯ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಕನ್ನಡದಲ್ಲಿ ಓದುವವರಿಗೆ ಈ ವಿಷಯದಲ್ಲಿ ಎದುರಾಗುವ ಮೊದಲ ತೊಡಕು ಅಂಗಗಳಲ್ಲ, ಹೆಸರುಗಳು. ಕಿಡ್ನಿಗೆ ಮೂತ್ರಪಿಂಡ, ಮೂತ್ರಜನಕಾಂಗ, ವೃಕ್ಕ ಎಂಬ ಮೂರು ಹೆಸರುಗಳು ಚಾಲ್ತಿಯಲ್ಲಿವೆ. ಸಾಲದೆಂಬಂತೆ ಕೆಲವರು ಅದನ್ನೇ ಮೂತ್ರಕೋಶ ಎಂದೂ ಬರೆಯುತ್ತಾರೆ. ಮೂತ್ರಕೋಶ ಎಂದರೆ ಮೂತ್ರ ಶೇಖರವಾಗುವ ಚೀಲ, ಅಂದರೆ ಬ್ಲ್ಯಾಡರ್. ಇನ್ನು ಮೂತ್ರನಾಳ ಎಂಬ ಮಾತು ಕಿಡ್ನಿಯಿಂದ ಚೀಲಕ್ಕೆ ಬರುವ ಯುರೇಟರಿಗೂ ಚೀಲದಿಂದ ಹೊರಕ್ಕೆ ಹೋಗುವ ಯುರೀತ್ರಕ್ಕೂ ಒಟ್ಟಿಗೇ ಬಳಕೆಯಾಗುತ್ತಿರುವುದರಿಂದ ಅನರ್ಥಗಳು ಹುಟ್ಟುತ್ತವೆ. ಈ ಬರಹದಲ್ಲಿ ಕಿಡ್ನಿಯನ್ನು ಮೂತ್ರಪಿಂಡ, ಯುರೇಟರನ್ನು ಮೂತ್ರನಾಳ, ಬ್ಲ್ಯಾಡರನ್ನು ಮೂತ್ರಕೋಶ, ಯುರೀತ್ರವನ್ನು ಮೂತ್ರವಿಸರ್ಜನಾ ನಾಳ ಎಂದೇ ಕೊನೆಯವರೆಗೂ ಕರೆಯುತ್ತೇನೆ. ನೀವು ಬೇರೆ ಹೆಸರುಗಳನ್ನು ಆರಿಸಿಕೊಂಡರೂ ಅಡ್ಡಿಯಿಲ್ಲ, ಆದರೆ ಒಂದು ನೋಟ್‌ಬುಕ್ಕಿನಲ್ಲಿ ಒಂದು ಅಂಗಕ್ಕೆ ಒಂದೇ ಹೆಸರಿರಲಿ.

ಬೆನ್ನಿನ ಮೇಲೆ ಗೆರೆ ಎಳೆಯಿರಿ

ಗೆಳೆಯನಿಗೆ ಹಳೆಯ ಬನಿಯನ್ ತೊಡಿಸಿ, ಬೆನ್ನು ನಿಮ್ಮ ಕಡೆಗಿರುವಂತೆ ನಿಲ್ಲಿಸಿ. ಅವನ ಸೊಂಟದ ಎರಡೂ ಪಕ್ಕಗಳಲ್ಲಿ ಅಂಗೈಗಳನ್ನಿಟ್ಟು ಕೆಳಗೆ ಒತ್ತಿದರೆ ಎರಡು ಕಡೆಯೂ ಮೂಳೆಯ ಅಂಚು ತಗಲುತ್ತದೆ. ಆ ಎರಡು ಅಂಚುಗಳ ಅತ್ಯಂತ ಎತ್ತರದ ಬಿಂದುಗಳನ್ನು ಒಂದು ಅಡ್ಡಗೆರೆಯಿಂದ ಸೇರಿಸಿದರೆ ಆ ಗೆರೆ ಬೆನ್ನುಮೂಳೆಯನ್ನು ನಾಲ್ಕನೆಯ ಸೊಂಟದ ಕಶೇರುಕದ ಮಟ್ಟದಲ್ಲಿ ದಾಟುತ್ತದೆ. ಅಲ್ಲಿಂದ ಒಂದು ಗಂಟು ಮೇಲಕ್ಕೆ ಹೋದರೆ ಮೂರನೆಯ ಸೊಂಟದ ಕಶೇರುಕ. ಅಲ್ಲೊಂದು ಅಡ್ಡಗೆರೆ ಎಳೆಯಿರಿ. ಅದರಿಂದ ಮತ್ತೆ ನಾಲ್ಕು ಗಂಟು ಮೇಲಕ್ಕೆ ಎಣಿಸಿದರೆ ಎದೆಯ ಭಾಗದ ಹನ್ನೊಂದನೆಯ ಕಶೇರುಕ ಸಿಗುತ್ತದೆ. ಅಲ್ಲಿ ಇನ್ನೊಂದು ಗೆರೆ. ಈಗ ಬೆನ್ನುಮೂಳೆಯ ನಡುಗೆರೆಯಿಂದ ಎರಡೂ ಬದಿಗೆ 2.5 ಸೆಂ.ಮೀ. ಮತ್ತು 9 ಸೆಂ.ಮೀ. ದೂರದಲ್ಲಿ ಉದ್ದಗೆರೆಗಳನ್ನು ಎಳೆದರೆ ಬೆನ್ನಿನ ಮೇಲೆ ಎರಡು ಚೌಕಟ್ಟುಗಳು ಮೂಡುತ್ತವೆ. ಮೂತ್ರಪಿಂಡಗಳು ಇರುವುದು ಈ ಚೌಕಟ್ಟುಗಳ ಒಳಗೆ.

ಹೀಗೆ ಗೆರೆ ಎಳೆಸಿದಾಗಲೆಲ್ಲ ವಿದ್ಯಾರ್ಥಿಗಳಿಂದ ಬರುವ ಮೊದಲ ಮಾತು 'ಇಷ್ಟು ಮೇಲಾ?' ಎಂಬುದು. ಹೌದು, ಇಷ್ಟು ಮೇಲೆಯೇ. ಮೂತ್ರಪಿಂಡದ ಮೇಲಿನ ಭಾಗ ಪಕ್ಕೆಲುಬುಗಳ ರಕ್ಷಣೆಯಲ್ಲಿದೆ. ಎಡಗಡೆಯದಕ್ಕೆ ಹನ್ನೊಂದು ಮತ್ತು ಹನ್ನೆರಡನೆಯ ಪಕ್ಕೆಲುಬುಗಳು, ಬಲಗಡೆಯದಕ್ಕೆ ಹನ್ನೆರಡನೆಯದು ಹಿಂದಿನಿಂದ ಅಡ್ಡವಾಗಿರುತ್ತವೆ. ಬಲಗಡೆ ಯಕೃತ್ತು ಜಾಗ ಹಿಡಿದಿರುವುದರಿಂದ ಬಲ ಮೂತ್ರಪಿಂಡ ಎಡದ್ದಕ್ಕಿಂತ ಒಂದೆರಡು ಸೆಂ.ಮೀ. ಕೆಳಗೆ ಇಳಿದಿರುತ್ತದೆ. ನಾವು ಸಾಮಾನ್ಯವಾಗಿ ಸೊಂಟನೋವು ಎಂದು ಕೈಯಿಟ್ಟು ತೋರಿಸುವ ಜಾಗ ಬಹುತೇಕ ಈ ಚೌಕಟ್ಟಿನ ಹೊರಗೆ, ಅದಕ್ಕಿಂತ ಕೆಳಗೆ ಬೀಳುತ್ತದೆ. ಬಗ್ಗಿ ಕೊಡ ಎತ್ತಿದಾಗ ಹಿಡಿದುಕೊಂಡ ಸೊಂಟಕ್ಕೆ ಕಿಡ್ನಿಯನ್ನು ದೂರುವವರು ಒಮ್ಮೆ ಈ ಗೆರೆಗಳನ್ನು ನೋಡುವುದು ಒಳ್ಳೆಯದು. ಕೊನೆಯ ಪಕ್ಕೆಲುಬಿಗೂ ಬೆನ್ನುಮೂಳೆಯ ಪಕ್ಕದ ದಪ್ಪ ಸ್ನಾಯುವಿಗೂ ನಡುವೆ ಒಂದು ಮೂಲೆ ಇದೆಯಲ್ಲ, ವೈದ್ಯರು ಮುಷ್ಟಿಯಿಂದ ಮೆಲ್ಲಗೆ ತಟ್ಟಿ 'ಇಲ್ಲಿ ನೋಯುತ್ತದೆಯೇ' ಎಂದು ಕೇಳುವುದು ಅಲ್ಲಿ.

ಚೌಕಟ್ಟನ್ನು ಅಳಿಸುವ ಮೊದಲು ಗೆಳೆಯನಿಗೆ ದೀರ್ಘವಾಗಿ ಉಸಿರೆಳೆಯಲು ಹೇಳಿ. ಎದೆ ಮತ್ತು ಹೊಟ್ಟೆಗಳ ನಡುವಿನ ಸ್ನಾಯುಪೊರೆಯಾದ ವಪೆ ಕೆಳಗೆ ಸರಿದಂತೆ ಮೂತ್ರಪಿಂಡಗಳೂ ಎರಡು ಮೂರು ಸೆಂ.ಮೀ. ಕೆಳಗೆ ಸರಿಯುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಸ್ಕ್ಯಾನಿಂಗ್ ಕೋಣೆಯಲ್ಲಿ 'ಉಸಿರು ಎಳೆದು ಹಿಡಿಯಿರಿ' ಎನ್ನುವುದೇಕೆ ಎಂಬುದು ಇಲ್ಲಿಯೇ ತಿಳಿಯುತ್ತದೆ. ಪಕ್ಕೆಲುಬಿನ ಮರೆಯಲ್ಲಿದ್ದ ಭಾಗ ಆಗ ಕೆಳಗೆ ಬಂದು ಯಂತ್ರಕ್ಕೆ ಸಿಗುತ್ತದೆ.

ಕುರಿಯ ಕಿಡ್ನಿಯನ್ನು ತಂದು ಕೊಯ್ಯುವುದು

ಮಾಂಸದಂಗಡಿಗೆ ಭಾನುವಾರ ಹೋಗಬೇಡಿ; ಗಿರಾಕಿಗಳ ಸಾಲು ನಿಂತಿರುವಾಗ ನಿಮ್ಮ ಕೋರಿಕೆಯನ್ನು ಕೇಳಿಸಿಕೊಳ್ಳುವ ಪುರುಸೊತ್ತು ಅಂಗಡಿಯವನಿಗೆ ಇರುವುದಿಲ್ಲ. ವಾರದ ನಡುವೆ ಹೋಗಿ, ಕಿಡ್ನಿಯ ಸುತ್ತಲಿನ ಕೊಬ್ಬನ್ನು ಸುಲಿಯದೆ, ಒಳಗಡೆಯ ಅಂಚಿನಿಂದ ಹೊರಡುವ ಕೊಳವೆಗಳನ್ನು ಬುಡಕ್ಕೆ ಕತ್ತರಿಸದೆ ಇಡಿಯಾಗಿ ಕೊಡುವಂತೆ ಕೇಳಿಕೊಳ್ಳಿ. ಕೆಲವು ಅಂಗಡಿಗಳಲ್ಲಿ ಗುರ್ದಾ ಎಂದರೆ ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ಅಡುಗೆಗೆ ಬಳಸದ ಹಲಗೆ, ಹರಿತವಾದ ಚಾಕು ಅಥವಾ ಸ್ಕಾಲ್ಪೆಲ್, ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್, ಕೈಗವಸು, ಹಳೆಯ ಪೇಪರು ಸಿದ್ಧವಿರಲಿ. ಮಾಂಸ ಮುಟ್ಟದವರು ಕಾಲೇಜಿನ ಪ್ರಯೋಗಾಲಯದ ಮಾದರಿಯನ್ನು ಮುಂದಿಟ್ಟುಕೊಂಡು ಇದನ್ನೇ ಅನುಸರಿಸಬಹುದು. ಕೈಗೆ ಸಿಗುವ ಅನುಭವ ಒಂದು ಬಿಟ್ಟು ಉಳಿದುದೆಲ್ಲ ದಕ್ಕುತ್ತದೆ.

ಮೊದಲು ಕಾಣುವುದು ಕೊಬ್ಬು. ಕುರಿಯದು ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿ, ಬೆರಳಿಟ್ಟರೆ ಪುಡಿಪುಡಿಯಾಗಿ ಒಡೆಯುವಂತಿರುತ್ತದೆ. ಮನುಷ್ಯರದು ಹಳದಿ ಬಣ್ಣದ ಮೃದುವಾದ ಕೊಬ್ಬು. ನಮ್ಮಲ್ಲಿ ಈ ಕೊಬ್ಬಿನ ಪದರವನ್ನು ಸುತ್ತುವರಿದು ಮತ್ತೊಂದು ತೆಳುವಾದ ಪೊರೆ, ಅದರ ಹೊರಗೆ ಮತ್ತೆ ಕೊಬ್ಬು ಇರುತ್ತದೆ. ಆಯುರ್ವೇದದ ಪ್ರಾಚೀನರು ವೃಕ್ಕವನ್ನು ಮೂತ್ರಕ್ಕಲ್ಲ, ಮೇದಸ್ಸಿಗೆ ಅಂದರೆ ಕೊಬ್ಬಿಗೆ ಮೂಲ ಎಂದು ಎಣಿಸಿದ್ದರು. ಮೂತ್ರಕ್ಕೆ ಮೂಲವೆಂದು ಅವರು ಹೇಳಿದ್ದು ಬಸ್ತಿಯನ್ನು, ಅಂದರೆ ಮೂತ್ರಕೋಶವನ್ನು. ಕೊಬ್ಬಿನ ನಡುವೆ ಹುದುಗಿದ ಈ ಅಂಗವನ್ನು ಕೈಯಲ್ಲಿ ಹಿಡಿದಾಗ ಅವರಿಗೆ ಹಾಗೆ ತೋರಿದ್ದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಮೂತ್ರ ತಯಾರಾಗುವುದು ಮೂತ್ರಪಿಂಡದಲ್ಲಿಯೇ ಎಂಬುದನ್ನು ಪ್ರಯೋಗದ ಮೂಲಕ ತೋರಿಸಿದವರಲ್ಲಿ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಮುಖ್ಯನು. ಅವನು ಪ್ರಾಣಿಗಳ ಮೂತ್ರನಾಳಗಳನ್ನು ದಾರದಿಂದ ಬಿಗಿದು, ಮೂತ್ರಕೋಶ ಬರಿದಾಗಿಯೇ ಉಳಿದು ಕಟ್ಟಿನ ಮೇಲ್ಭಾಗ ಉಬ್ಬುವುದನ್ನು ತೋರಿಸಿದನು.

ಕೊಬ್ಬನ್ನು ಬೆರಳುಗಳಿಂದಲೇ ಬಿಡಿಸಿ. ಚಾಕು ಬಳಸಿದರೆ ಕೊಳವೆಗಳು ತುಂಡಾಗುತ್ತವೆ. ಒಳಬಾಗಿದ ಅಂಚಿನಲ್ಲಿ, ಹೈಲಮ್ ಎನ್ನುವ ತಗ್ಗಿನಲ್ಲಿ ಮೂರು ಕೊಳವೆಗಳು ಸಿಗುತ್ತವೆ. ಗೋಡೆ ತೆಳುವಾಗಿ, ಒದ್ದೆ ಬಟ್ಟೆಯಂತೆ ಮುದುಡಿ ಬಿದ್ದಿರುವುದು ಅಭಿಧಮನಿ. ಚಿಕ್ಕದಾದರೂ ಬಾಯಿ ತೆರೆದುಕೊಂಡು, ಒತ್ತಿ ಬಿಟ್ಟರೆ ಮತ್ತೆ ದುಂಡಗಾಗುವುದು ಅಪಧಮನಿ. ಕೆಳಮುಖವಾಗಿ ಹೊರಟಿರುವ ಬಿಳಿಯ ಕೊಳವೆ ಮೂತ್ರನಾಳ. ಮನುಷ್ಯರಲ್ಲಿ ಇವು ಮುಂದಿನಿಂದ ಹಿಂದಕ್ಕೆ ಇದೇ ಅನುಕ್ರಮದಲ್ಲಿ ಇರುತ್ತವೆ: ಮುಂದೆ ಅಭಿಧಮನಿ, ನಡುವೆ ಅಪಧಮನಿ, ಎಲ್ಲಕ್ಕಿಂತ ಹಿಂದೆ ಮೂತ್ರನಾಳದ ಅಗಲವಾದ ಬಾಯಿ. ಈ ಅನುಕ್ರಮ ಗೊತ್ತಿದ್ದರೆ ಮೇಜಿನ ಮೇಲಿಟ್ಟ ಒಂಟಿ ಮೂತ್ರಪಿಂಡ ಎಡಗಡೆಯದೋ ಬಲಗಡೆಯದೋ ಎಂದು ಹೇಳಬಹುದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಪರೀಕ್ಷಕರು ತಪ್ಪದೆ ಕೇಳುವ ಪ್ರಶ್ನೆ ಇದು.

ಎಡ ಮತ್ತು ಬಲದ ರಕ್ತನಾಳಗಳು ಸಮ ಉದ್ದದವಲ್ಲ ಎಂಬುದನ್ನೂ ಇಲ್ಲಿಯೇ ಗಮನಿಸಬೇಕು. ಮಹಾಪಧಮನಿ ಬೆನ್ನುಮೂಳೆಯ ಮುಂದೆ ತುಸು ಎಡಕ್ಕಿದೆ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಕೆಳಗಿನ ಮಹಾಭಿಧಮನಿ ಬಲಕ್ಕಿದೆ. ಹಾಗಾಗಿ ಎಡ ಮೂತ್ರಪಿಂಡದ ಅಭಿಧಮನಿ ಮಹಾಪಧಮನಿಯ ಮುಂದಿನಿಂದ ದಾಟಿ ಬಲಕ್ಕೆ ಬರಬೇಕಾಗಿ ಉದ್ದವಾಗಿರುತ್ತದೆ. ಬದುಕಿರುವ ದಾನಿಯಿಂದ ಕಿಡ್ನಿ ಪಡೆಯುವಾಗ ಶಸ್ತ್ರವೈದ್ಯರು ಸಾಧ್ಯವಾದಷ್ಟೂ ಎಡಗಡೆಯದನ್ನೇ ಆರಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಈ ಉದ್ದ. ಹೊಲಿಗೆ ಹಾಕಲು ಹೆಚ್ಚು ನಾಳ ಸಿಗುತ್ತದೆ. ಹಾಗೆ ಪಡೆದ ಕಿಡ್ನಿಯನ್ನು ರೋಗಿಯ ಬೆನ್ನಿನ ಬದಿಯಲ್ಲಿ ಇಡುವುದಿಲ್ಲ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಮುಂಭಾಗಕ್ಕೆ ಕೂರಿಸುತ್ತಾರೆ. ಅಲ್ಲಿ ದೊಡ್ಡ ರಕ್ತನಾಳಗಳೂ ಮೂತ್ರಕೋಶವೂ ಹತ್ತಿರದಲ್ಲಿ ಸಿಗುತ್ತವೆ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ಇದ್ದಲ್ಲಿಯೇ ಬಿಡುತ್ತಾರೆ.

ಈಗ ಸಿರಿಂಜಿನಲ್ಲಿ ನೀರು ತುಂಬಿ ಮೂತ್ರನಾಳದ ತುದಿಗೆ ಹಿಡಿದು ಮೆಲ್ಲಗೆ ಒತ್ತಿ. ನೀರು ಒಳಗೆ ಹೋಗಿ ಹೈಲಮಿನ ಬಳಿ ಒಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಮೂತ್ರನಾಳ ಮುಚ್ಚಿಹೋದಾಗ ಕಿಡ್ನಿಯಲ್ಲಿ ನೀರು ತುಂಬಿಕೊಂಡಿದೆ ಎನ್ನುತ್ತಾರಲ್ಲ, ಆಗ ಊದಿಕೊಳ್ಳುವುದು ಇದೇ ಜಾಗ.

ನೀರು ಬಸಿದ ಮೇಲೆ ಮೂತ್ರಪಿಂಡದ ಮೇಲಿನ ತೆಳುಪೊರೆಗೆ ಚಾಕುವಿನ ತುದಿಯಿಂದ ಸಣ್ಣ ಗಾಯ ಮಾಡಿ ಎಳೆಯಿರಿ. ಬೇಯಿಸಿದ ಕಡಲೆಬೀಜದ ಸಿಪ್ಪೆಯಂತೆ ಸುಲಭವಾಗಿ ಸುಲಿದು ಬರುತ್ತದೆ. ದೀರ್ಘಕಾಲದ ಕಾಯಿಲೆಯಿಂದ ಮುರುಟಿದ ಮನುಷ್ಯರ ಮೂತ್ರಪಿಂಡದಲ್ಲಿ ಈ ಪೊರೆ ಒಳಗಿನ ಮಾಂಸಕ್ಕೆ ಅಂಟಿಕೊಂಡುಬಿಡುತ್ತದೆ. ಬಳಿಕ ಹೊರಬಾಗಿದ ಅಂಚಿನಿಂದ ಹೈಲಮಿನ ಕಡೆಗೆ ಒಂದೇ ಸಮನೆ ಕೊಯ್ಯಿರಿ. ಪೂರ್ತಿ ಎರಡು ಹೋಳು ಮಾಡದೆ ಪುಸ್ತಕದಂತೆ ತೆರೆಯಿರಿ. ಹೊರಗಿನ ಪಟ್ಟಿ ಕಂದುಗೆಂಪು ಬಣ್ಣದ್ದು, ಹತ್ತಿರದಿಂದ ನೋಡಿದರೆ ಸಣ್ಣ ರವೆ ಉದುರಿಸಿದಂತೆ ಕಾಣುತ್ತದೆ. ಇದು ಕಾರ್ಟೆಕ್ಸ್, ಮನುಷ್ಯರಲ್ಲಿ ಸುಮಾರು 1 ಸೆಂ.ಮೀ. ದಪ್ಪ. ಒಳಗಿನದು ಮೆಡುಲಾ, ಅದರಲ್ಲಿ ರವೆಯಿಲ್ಲ, ಬಾಚಣಿಗೆ ಎಳೆದಂಥ ಗೆರೆಗಳಿವೆ. ಈ ರವೆ ಮತ್ತು ಗೆರೆ ಏನೆಂಬುದನ್ನು ಮುಂದೆ ಹೇಳುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಕೊಡಲೇಬೇಕು, ಏಕೆಂದರೆ ಇದನ್ನು ಹೇಳದ ಮಾರ್ಗದರ್ಶಿಗಳಿಂದ ಅನೇಕರು ದಾರಿ ತಪ್ಪಿದ್ದಾರೆ. ಪಠ್ಯದ ಚಿತ್ರದಲ್ಲಿ ಮೆಡುಲಾ ಬಿಡಿಬಿಡಿಯಾದ ಪಿರಮಿಡ್ಡುಗಳಾಗಿ ಕಾಣುತ್ತದೆ. ಮನುಷ್ಯರಲ್ಲಿ ಅವು ಸಾಮಾನ್ಯವಾಗಿ 8ರಿಂದ 18ರವರೆಗೆ ಇರುತ್ತವೆ, ಪ್ರತಿಯೊಂದರ ತುದಿಗೂ ಪುಟ್ಟ ಬಟ್ಟಲಿನಂತಹ ಒಂದು ಕ್ಯಾಲಿಕ್ಸ್ ಕವಿದುಕೊಂಡಿರುತ್ತದೆ, ಆ ಬಟ್ಟಲುಗಳು ಕೂಡಿ ಎರಡು ಮೂರು ದೊಡ್ಡ ಬಟ್ಟಲುಗಳಾಗಿ, ಕೊನೆಗೆ ಪೆಲ್ವಿಸ್ ಎಂಬ ಆಲಿಕೆಯಲ್ಲಿ ಸೇರುತ್ತವೆ. ಕುರಿ ಮತ್ತು ಮೇಕೆಗಳಲ್ಲಿ ಹೀಗಿಲ್ಲ. ಅಲ್ಲಿ ಪಿರಮಿಡ್ಡುಗಳ ತುದಿಗಳೆಲ್ಲ ಬೆಸೆದು ಒಂದೇ ಉದ್ದನೆಯ ದಿಣ್ಣೆಯಾಗಿ ನೇರವಾಗಿ ಆಲಿಕೆಯೊಳಕ್ಕೆ ಚಾಚಿರುತ್ತವೆ. ಬಿಡಿಬಿಡಿಯಾದ ಬಟ್ಟಲುಗಳನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿನಿ ಅರ್ಧ ಗಂಟೆ ಹುಡುಕಿ, ತಾನು ಕೊಯ್ದದ್ದೇ ತಪ್ಪಾಯಿತೆಂದು ಪೆಚ್ಚಾಗಿದ್ದಳು. ತಪ್ಪು ಅವಳದಾಗಿರಲಿಲ್ಲ, ಮುಂಚೆಯೇ ಹೇಳದಿದ್ದ ನನ್ನದು. ಬಿಡಿಬಿಡಿ ಪಿರಮಿಡ್ಡುಗಳನ್ನು ನೋಡಲೇಬೇಕೆಂದರೆ ಹಂದಿಯ ಕಿಡ್ನಿ ಮನುಷ್ಯರದಕ್ಕೆ ಹೆಚ್ಚು ಹತ್ತಿರ. ಹಸುವಿನ ಮೂತ್ರಪಿಂಡ ಹೊರಗಿನಿಂದಲೇ ಗೊಂಚಲಿನಂತೆ ಗಂಟುಗಂಟಾಗಿರುತ್ತದೆ. ಆಗತಾನೆ ಹುಟ್ಟಿದ ಮನುಷ್ಯರ ಶಿಶುವಿನದೂ ಸ್ವಲ್ಪಮಟ್ಟಿಗೆ ಹಾಗೆಯೇ ಇದ್ದು, ಬೆಳೆಯುತ್ತಾ ನುಣುಪಾಗುತ್ತದೆ.

ಗಾತ್ರದಲ್ಲಿಯೂ ವ್ಯತ್ಯಾಸವಿದೆ. ವಯಸ್ಕರ ಮೂತ್ರಪಿಂಡ 10ರಿಂದ 12 ಸೆಂ.ಮೀ. ಉದ್ದ, ಸುಮಾರು 6 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪ ಇರುತ್ತದೆ; ತೂಕ ಸುಮಾರು 150 ಗ್ರಾಂ. ಕುರಿಯದು ಅಂಗೈಯೊಳಗೆ ಅಡಗುತ್ತದೆ. ನೋಡಿ ಮುಗಿದ ಮೇಲೆ ಮಾಂಸವನ್ನು ಪೇಪರಿನಲ್ಲಿ ಸುತ್ತಿ ವಿಲೇವಾರಿ ಮಾಡಿ, ಹಲಗೆ ಮತ್ತು ಕೈಗಳನ್ನು ಸೋಪಿನಿಂದ ತೊಳೆಯಿರಿ. ಕೊಯ್ದು ನೋಡಿದ ಕಿಡ್ನಿಯನ್ನು ಅಡುಗೆಗೆ ಹಾಕಬೇಡಿ.

ರವೆ ಮತ್ತು ಗೆರೆ: ನೆಫ್ರಾನನ್ನು ಬರೆಯುವುದು

ಕಾರ್ಟೆಕ್ಸಿನ ರವೆಯಂತಹ ನೋಟಕ್ಕೆ ಕಾರಣವಾದದ್ದು ಗ್ಲೊಮೆರುಲಸ್ ಎಂಬ ರಕ್ತನಾಳಗಳ ಸಣ್ಣ ಉಂಡೆಗಳು. ಒಂದೊಂದೂ ಸುಮಾರು 0.2 ಮಿ.ಮೀ. ಅಗಲ. ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿ 1666ರಲ್ಲಿ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು ವರ್ಣಿಸಿದನು. ಅವುಗಳನ್ನು ಕವಿದಿರುವ ಬಟ್ಟಲಿಗೂ ಮುಂದಿನ ಕೊಳವೆಗೂ ಇರುವ ಸಂಬಂಧವನ್ನು 1842ರಲ್ಲಿ ಸ್ಪಷ್ಟಪಡಿಸಿದವನು ಇಂಗ್ಲೆಂಡಿನ ವಿಲಿಯಂ ಬೋಮನ್. ಮೆಡುಲಾದ ಗೆರೆಗಳೆಂದರೆ ಸಾಲಾಗಿ ಇಳಿದು ಏರುವ ಹೆನ್ಲೆಯ ಕುಣಿಕೆಗಳು ಮತ್ತು ಅವುಗಳ ನಡುವೆ ಇಳಿಯುವ ಸಂಗ್ರಾಹಕ ನಾಳಗಳು. ಒಂದು ಉಂಡೆ ಮತ್ತು ಅದರಿಂದ ಹೊರಡುವ ಕೊಳವೆ ಸೇರಿದ ಸೋಸುವ ಘಟಕವೇ ನೆಫ್ರಾನ್. ಹೀಗೆ ಬರಿಗಣ್ಣಿಗೆ ಕಂಡ ವ್ಯತ್ಯಾಸವೇ ನೆಫ್ರಾನಿನ ನಕ್ಷೆ: ಉಂಡೆಗಳೂ ಸುರುಳಿಗಳೂ ಹೊರಪಟ್ಟಿಯಲ್ಲಿ, ನೆಟ್ಟಗಿನ ಕೊಳವೆಗಳು ಒಳಪಟ್ಟಿಯಲ್ಲಿ.

ಆದ್ದರಿಂದ ನೆಫ್ರಾನ್ ಬರೆಯುವ ಮೊದಲು ಹಾಳೆಯ ಮೇಲಿನ ಮೂರನೆಯ ಒಂದು ಭಾಗದಲ್ಲಿ ಅಡ್ಡಗೆರೆ ಎಳೆದು ಮೇಲೆ ಕಾರ್ಟೆಕ್ಸ್, ಕೆಳಗೆ ಮೆಡುಲಾ ಎಂದು ಗುರುತಿಸಿಕೊಳ್ಳಿ. ಗ್ಲೊಮೆರುಲಸ್, ಅದರ ಬಟ್ಟಲು, ಮೊದಲ ಸುರುಳಿ ಗೆರೆಯ ಮೇಲೆ. ಕುಣಿಕೆ ಗೆರೆ ದಾಟಿ ಕೆಳಗಿಳಿದು ತಿರುಗಿ ಮೇಲೆ ಬರುತ್ತದೆ. ಎರಡನೆಯ ಸುರುಳಿ ಮತ್ತೆ ಗೆರೆಯ ಮೇಲೆ. ಸಂಗ್ರಾಹಕ ನಾಳ ಮತ್ತೊಮ್ಮೆ ಕೆಳಕ್ಕೆ. ಒಳಬರುವ ರಕ್ತನಾಳವನ್ನು ಹೊರಹೋಗುವುದಕ್ಕಿಂತ ದಪ್ಪವಾಗಿ ಬರೆಯಿರಿ, ಉಂಡೆಯೊಳಗೆ ಒತ್ತಡ ಉಳಿಯುವುದಕ್ಕೆ ಆ ವ್ಯತ್ಯಾಸವೂ ಒಂದು ಕಾರಣ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶವಿದೆ. ಕುಣಿಕೆಯಿಂದ ಮೇಲೆ ಬಂದ ಕೊಳವೆ ಎಲ್ಲೋ ದೂರ ಹೋಗುವುದಿಲ್ಲ. ತಾನು ಹೊರಟ ಅದೇ ಉಂಡೆಯ ಬಳಿಗೆ ಹಿಂದಿರುಗಿ, ಒಳಬರುವ ಮತ್ತು ಹೊರಹೋಗುವ ರಕ್ತನಾಳಗಳ ನಡುವಿನ ಸಂದಿಯನ್ನು ತಾಗಿಕೊಂಡು ಮುಂದೆ ಸಾಗುತ್ತದೆ. ಕೊಳವೆಯಲ್ಲಿ ಹರಿಯುವ ಉಪ್ಪಿನ ಪ್ರಮಾಣವನ್ನು ಅಳೆದು ಸೋಸುವ ವೇಗವನ್ನು ಹೊಂದಿಸುವುದೂ, ರಕ್ತದೊತ್ತಡಕ್ಕೆ ಸಂಬಂಧಿಸಿದ ರೆನಿನ್ ಬಿಡುಗಡೆಯಾಗುವುದೂ ಈ ಸ್ಪರ್ಶದ ಜಾಗದಲ್ಲಿ. ಚಿತ್ರದಲ್ಲಿ ಆ ಸ್ಪರ್ಶ ಕಾಣದಿದ್ದರೆ ನಾನು ಒಂದು ಅಂಕ ಕಳೆಯುತ್ತೇನೆ.

ಒಂದು ಮೂತ್ರಪಿಂಡದಲ್ಲಿ ಇಂತಹ ನೆಫ್ರಾನುಗಳು ಸುಮಾರು 10 ಲಕ್ಷ. ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಏರುಪೇರು ಇರುತ್ತದೆ. ಹೃದಯ ಹೊರತಳ್ಳುವ ರಕ್ತದಲ್ಲಿ ಸರಿಸುಮಾರು ಐದನೆಯ ಒಂದು ಭಾಗ ಈ ಎರಡು ಪುಟ್ಟ ಅಂಗಗಳಿಗೆ ಬರುತ್ತದೆ. ಎರಡೂ ಸೇರಿ ನಿಮಿಷಕ್ಕೆ ಸುಮಾರು 125 ಮಿ.ಲೀ.ನಂತೆ ದಿನಕ್ಕೆ 180 ಲೀಟರ್ ದ್ರವವನ್ನು ಸೋಸುತ್ತವೆ. ಕುಡಿಯುವ ನೀರಿನ 20 ಲೀಟರಿನ ಕ್ಯಾನುಗಳಲ್ಲಿ ಎಣಿಸಿದರೆ ಒಂಬತ್ತು ಕ್ಯಾನ್. ಅದರಲ್ಲಿ ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಲೀಟರಿನ ಆಸುಪಾಸು. ಉಳಿದುದೆಲ್ಲ ಆ ಸುರುಳಿ ಮತ್ತು ಕುಣಿಕೆಗಳಲ್ಲಿ ರಕ್ತಕ್ಕೆ ಮರಳುತ್ತದೆ. ಕಿಡ್ನಿಯ ಕೆಲಸ ಕಸ ಹೊರಹಾಕುವುದು ಎನ್ನುವುದಕ್ಕಿಂತ ಎಲ್ಲವನ್ನೂ ಒಮ್ಮೆ ಹೊರಗೆ ಸುರಿದು, ಬೇಕಾದದ್ದನ್ನು ಆರಿಸಿ ಒಳಗಿಟ್ಟುಕೊಳ್ಳುವುದು ಎಂದರೆ ಹೆಚ್ಚು ಸರಿ.

ದಾರದಿಂದ ಮೂತ್ರನಾಳ

25 ಸೆಂ.ಮೀ. ದಾರವನ್ನು ಈಗ ತೆಗೆದುಕೊಳ್ಳಿ. ಮೂತ್ರನಾಳದ ಉದ್ದ 25ರಿಂದ 30 ಸೆಂ.ಮೀ., ದಪ್ಪ ಮೂರು ನಾಲ್ಕು ಮಿ.ಮೀ. ದಾರದ ಒಂದು ತುದಿಯನ್ನು ಗೆಳೆಯನ ಬೆನ್ನಿನ ಚೌಕಟ್ಟಿನ ನಡುವೆ, ನಡುಗೆರೆಯಿಂದ 5 ಸೆಂ.ಮೀ. ದೂರದಲ್ಲಿ ಹಿಡಿದು ನೇರ ಕೆಳಗೆ ಇಳಿಬಿಡಿ. ಸೊಂಟದ ಮೂಳೆಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಂದಾಗ ಅದು ಒಳಗಡೆ ಶ್ರೋಣಿ ಕುಹರದೊಳಕ್ಕೆ, ಅಂದರೆ ಸೊಂಟದ ಮೂಳೆಗಳ ನಡುವಿನ ಪೊಳ್ಳಿಗೆ, ಇಳಿಯುತ್ತದೆ ಎಂದು ಊಹಿಸಿಕೊಳ್ಳಿ. ಅಲ್ಲಿಂದ ಮುಂದಕ್ಕೆ ಬಾಗಿ, ಮುಂಭಾಗದಲ್ಲಿರುವ ಮೂತ್ರಕೋಶದ ಹಿಂಗೋಡೆಯನ್ನು ಸೇರುತ್ತದೆ. ಮೂತ್ರ ಇದರೊಳಗೆ ಬರೀ ಇಳಿಜಾರಿಗೆ ಹರಿದು ಬರುವುದಲ್ಲ. ನಾಳದ ಗೋಡೆಯ ಸ್ನಾಯುಗಳು ನಿಮಿಷಕ್ಕೆ ಒಂದರಿಂದ ಐದು ಬಾರಿ ಅಲೆಯಂತೆ ಹಿಂಡಿ ಅದನ್ನು ಕೆಳಕ್ಕೆ ದೂಡುತ್ತವೆ. ಮಲಗಿದ್ದರೂ ಮೂತ್ರಕೋಶ ತುಂಬುವುದು ಆ ಕಾರಣದಿಂದ.

ದಾರಕ್ಕೆ ಮೂರು ಗಂಟು ಹಾಕಿ. ಮೊದಲನೆಯದು ತುದಿಯ ಬಳಿ, ಆಲಿಕೆ ಮುಗಿದು ನಾಳ ಆರಂಭವಾಗುವಲ್ಲಿ. ಎರಡನೆಯದು ನಡುವಿನಲ್ಲಿ, ನಾಳವು ಶ್ರೋಣಿಯ ಅಂಚಿನಲ್ಲಿ ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ. ಮೂರನೆಯದು ಕೊನೆಯಲ್ಲಿ, ಮೂತ್ರಕೋಶದ ಗೋಡೆಯನ್ನು ಹೊಗುವಲ್ಲಿ. ಈ ಮೂರು ಜಾಗಗಳಲ್ಲಿ ನಾಳ ಕಿರಿದಾಗುತ್ತದೆ, ಮೂರನೆಯದು ಎಲ್ಲಕ್ಕಿಂತ ಕಿರಿದು. ಕಿಡ್ನಿಯಿಂದ ಜಾರಿದ ಕಲ್ಲು ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಈ ಗಂಟುಗಳಲ್ಲಿಯೇ. 5 ಮಿ.ಮೀ.ಗಿಂತ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಬೀಳುತ್ತವೆ. ಕಲ್ಲು ಕೆಳಗಿಳಿದಂತೆ ನೋವೂ ಬೆನ್ನಿನ ಮೂಲೆಯಿಂದ ಪಕ್ಕೆಗೆ, ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ. ರೋಗಿ ಕೈಯಿಂದ ಎಳೆದು ತೋರಿಸುವ ಆ ಗೆರೆಯನ್ನು ನಿಮ್ಮ ದಾರದ ಪಕ್ಕದಲ್ಲಿಟ್ಟು ನೋಡಿ.

ಸ್ತ್ರೀಯರಲ್ಲಿ ಗರ್ಭಕೋಶಕ್ಕೆ ಹೋಗುವ ಅಪಧಮನಿಯು ಮೂತ್ರನಾಳದ ಮೇಲಿನಿಂದ ದಾಟುತ್ತದೆ. ಮೇಲೆ ಸೇತುವೆ, ಕೆಳಗೆ ಕಾಲುವೆ. ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಸೇತುವೆಯನ್ನು ಕಟ್ಟಿ ಕತ್ತರಿಸುವಾಗ ಕಾಲುವೆ ಕೈಗೆ ಸಿಕ್ಕಿಬೀಳದಂತೆ ಶಸ್ತ್ರವೈದ್ಯರು ವಹಿಸುವ ಎಚ್ಚರ ಸಣ್ಣದಲ್ಲ.

ಮೂತ್ರಕೋಶ ಮತ್ತು ಅದರ ಬಾಗಿಲುಗಳು

ಹೊಕ್ಕುಳಿನಿಂದ ನೇರ ಕೆಳಗೆ ಬೆರಳು ಜಾರಿಸುತ್ತಾ ಬಂದರೆ ಕೊನೆಗೆ ಗಟ್ಟಿಯಾದ ಮೂಳೆ ತಗಲುತ್ತದೆ. ಬರಿದಾದ ಮೂತ್ರಕೋಶ ಆ ಮೂಳೆಯ ಹಿಂದೆ ಮುದುಡಿ ಕುಳಿತಿರುತ್ತದೆ. ತುಂಬಿದಾಗ ಅದು ಮೂಳೆಯ ಅಂಚನ್ನು ದಾಟಿ ಹೊಟ್ಟೆಯ ಮುಂಗೋಡೆಗೆ ಒತ್ತಿಕೊಂಡು ಮೇಲೇರುತ್ತದೆ. ಶಿಶುಗಳಲ್ಲಿ ಶ್ರೋಣಿ ಕುಹರ ಚಿಕ್ಕದಾದ್ದರಿಂದ ಬರಿದಾಗಿದ್ದಾಗಲೂ ಹೊಟ್ಟೆಯಲ್ಲಿಯೇ ಇರುತ್ತದೆ. 150ರಿಂದ 200 ಮಿ.ಲೀ. ತುಂಬುವ ಹೊತ್ತಿಗೆ ಮೊದಲ ಸೂಚನೆ ಬರುತ್ತದೆ. ವಯಸ್ಕರಲ್ಲಿ 400ರಿಂದ 600 ಮಿ.ಲೀ.ವರೆಗೂ ಹಿಡಿಯುತ್ತದೆ. ಗಂಡಸರಲ್ಲಿ ಇದರ ಹಿಂದೆ ಗುದನಾಳ, ಕೆಳಗೆ ಪ್ರಾಸ್ಟೇಟ್. ಹೆಂಗಸರಲ್ಲಿ ಹಿಂದೆ ಯೋನಿ, ಮೇಲಿನಿಂದ ಬಾಗಿದ ಗರ್ಭಕೋಶ. ಬಸುರಿಯರಿಗೆ ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದಕ್ಕೆ ಈ ನೆರೆಹೊರೆಯೂ ಒಂದು ಕಾರಣ.

ಒಳಗಿನಿಂದ ನೋಡಿದರೆ ಬರಿದಾದ ಮೂತ್ರಕೋಶದ ಗೋಡೆ ನೆರಿಗೆನೆರಿಗೆಯಾಗಿರುತ್ತದೆ, ಒಂದು ಜಾಗವನ್ನು ಬಿಟ್ಟು. ಎರಡು ಮೂತ್ರನಾಳಗಳ ಬಾಯಿ ಮತ್ತು ಮೂತ್ರವಿಸರ್ಜನಾ ನಾಳದ ಬಾಯಿ, ಈ ಮೂರನ್ನು ಸೇರಿಸಿದರೆ ಆಗುವ ತ್ರಿಕೋನ ಸದಾ ನುಣುಪು. ಮೂತ್ರನಾಳಗಳು ಗೋಡೆಯನ್ನು ನೇರವಾಗಿ ತೂತು ಮಾಡಿ ಬರುವುದಿಲ್ಲ. ಒಂದೂವರೆ ಎರಡು ಸೆಂ.ಮೀ. ದೂರ ಗೋಡೆಯೊಳಗೇ ಓರೆಯಾಗಿ ನುಸುಳಿ ಒಳಗೆ ತೆರೆದುಕೊಳ್ಳುತ್ತವೆ. ಹಳೆಯ ಸೈಕಲ್ಲಿನ ವಾಲ್‌ಗೆ ತೊಡಿಸುತ್ತಿದ್ದ ಸಣ್ಣ ರಬ್ಬರ್ ಟ್ಯೂಬನ್ನು ಕಂಡವರಿಗೆ ಇದರ ಉಪಾಯ ತಕ್ಷಣ ಹೊಳೆಯುತ್ತದೆ. ಪಂಪು ಹೊಡೆದಾಗ ಗಾಳಿ ರಬ್ಬರನ್ನು ಸರಿಸಿ ಒಳಗೆ ಹೋಗುತ್ತದೆ, ಒಳಗಿನ ಗಾಳಿಯ ಒತ್ತಡ ಅದೇ ರಬ್ಬರನ್ನು ಒತ್ತಿ ತೂತು ಮುಚ್ಚುತ್ತದೆ. ಮೂತ್ರಕೋಶ ತುಂಬಿದಂತೆ ಒಳಗಿನ ಒತ್ತಡವೂ ಹೀಗೆಯೇ ಓರೆಯ ಭಾಗವನ್ನು ಒತ್ತಿ, ಮೂತ್ರ ಹಿಂದಕ್ಕೆ ಕಿಡ್ನಿಯ ಕಡೆಗೆ ಹೋಗದಂತೆ ತಡೆಯುತ್ತದೆ. ಕೆಲವು ಮಕ್ಕಳಲ್ಲಿ ಈ ಓರೆಯ ಭಾಗ ಹುಟ್ಟಿನಿಂದಲೇ ಗಿಡ್ಡವಾಗಿರುತ್ತದೆ. ಅವರಿಗೆ ಮರಳಿಮರಳಿ ಸೋಂಕು ಬರುವುದುಂಟು.

ಮೂತ್ರವಿಸರ್ಜನಾ ನಾಳದ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಹೆಂಗಸರಲ್ಲಿ ಇದು ಸುಮಾರು 4 ಸೆಂ.ಮೀ. ಉದ್ದದ ನೇರ ದಾರಿ, ಸೋಂಕು ಸುಲಭವಾಗಿ ಮೇಲೇರಲು ಈ ಗಿಡ್ಡತನ ಮುಖ್ಯ ಕಾರಣ. ಗಂಡಸರಲ್ಲಿ 18ರಿಂದ 20 ಸೆಂ.ಮೀ.: ಮೊದಲು ಪ್ರಾಸ್ಟೇಟ್ ಗ್ರಂಥಿಯೊಳಗೆ 3 ಸೆಂ.ಮೀ., ಆಮೇಲೆ ಶ್ರೋಣಿಯ ತಳದ ಸ್ನಾಯುವನ್ನು ದಾಟುವ ಗಿಡ್ಡದಾದ ಇಕ್ಕಟ್ಟಿನ ಭಾಗ, ಉಳಿದುದು ಶಿಶ್ನದೊಳಗೆ. ದಾರಿಯಲ್ಲಿ ಎರಡು ತಿರುವುಗಳಿವೆ. ಮೂತ್ರ ಬಸಿಯುವ ಕೊಳವೆಯಾದ ಕ್ಯಾಥೆಟರ್ ಹಾಕುವಾಗ ಶಿಶ್ನವನ್ನು ಮೇಲಕ್ಕೆತ್ತಿ ಹಿಡಿಯಬೇಕೆಂದು ಕಲಿಸುವುದು ಮುಂಭಾಗದ ತಿರುವನ್ನು ನೆಟ್ಟಗೆ ಮಾಡಲು. ಮೂತ್ರಕೋಶದ ಕೊರಳಿನ ಒಳಬಾಗಿಲು ನಮ್ಮ ಮಾತು ಕೇಳುವುದಿಲ್ಲ. ಕೆಳಗಿನ ಹೊರಬಾಗಿಲು ಕೇಳುತ್ತದೆ. ಮಕ್ಕಳು ಎರಡು ಮೂರು ವರ್ಷದ ಹೊತ್ತಿಗೆ ಕಲಿಯುವುದು ಈ ಹೊರಬಾಗಿಲನ್ನು ಹಿಡಿದಿಡುವುದನ್ನು.

ಸ್ಕ್ಯಾನ್ ರಿಪೋರ್ಟನ್ನು ಓದಿ ನೋಡಿ

ಕಲಿತದ್ದು ಎಷ್ಟು ಉಳಿದಿದೆ ಎಂದು ಪರೀಕ್ಷಿಸಿಕೊಳ್ಳಲು ಮನೆಯಲ್ಲಿ ಯಾರದಾದರೂ ಹೊಟ್ಟೆಯ ಅಲ್ಟ್ರಾಸೌಂಡ್ ರಿಪೋರ್ಟ್ ಇದ್ದರೆ ತೆಗೆಯಿರಿ. ರೋಗನಿರ್ಣಯ ವೈದ್ಯರ ಕೆಲಸ. ಪದಗಳನ್ನು ಅಂಗಗಳ ಮೇಲೆ ಕೂರಿಸುವುದಷ್ಟೇ ನಮ್ಮದು. ರೈಟ್ ಕಿಡ್ನಿ, ಲೆಫ್ಟ್ ಕಿಡ್ನಿ ಎಂಬುದರ ಮುಂದೆ ಸೆಂ.ಮೀ.ಗಳಲ್ಲಿ ಅಳತೆ ಇರುತ್ತದೆ. 9.5 ಅಥವಾ 10 ಎಂದು ಕಂಡು, ಪುಸ್ತಕದಲ್ಲಿ 11 ಎಂದಿತ್ತಲ್ಲ ಎಂದು ಗಾಬರಿಯಾಗಬೇಡಿ. ಮೈಕಟ್ಟಿಗೆ ತಕ್ಕಂತೆ ಅಳತೆ ಬದಲಾಗುತ್ತದೆ. ಕಾರ್ಟಿಕೊಮೆಡುಲರಿ ಡಿಫರೆನ್ಸಿಯೇಷನ್ ಮೇಂಟೇನ್ಡ್ ಎಂದರೆ ನೀವು ಚಾಕುವಿನಿಂದ ತೆರೆದು ನೋಡಿದ ರವೆಯ ಪಟ್ಟಿ ಮತ್ತು ಗೆರೆಯ ಪಟ್ಟಿ ಯಂತ್ರದ ಕಣ್ಣಿಗೂ ಬೇರೆಬೇರೆಯಾಗಿ ಕಾಣುತ್ತಿವೆ ಎಂದರ್ಥ. ಪೆಲ್ವಿಕ್ಯಾಲಿಸಿಯಲ್ ಸಿಸ್ಟಮ್ ಎಂಬುದು ಬಟ್ಟಲುಗಳು ಮತ್ತು ಆಲಿಕೆ. ಅದು ಡೈಲೇಟ್ ಆಗಿದ್ದರೆ, ಅಂದರೆ ಹಿಗ್ಗಿದ್ದರೆ, ಸಿರಿಂಜಿನ ನೀರಿಗೆ ಉಬ್ಬಿದ ಜಾಗವನ್ನು ನೆನಪಿಸಿಕೊಳ್ಳಿ. ಇಲ್ಲಿನ ಪೆಲ್ವಿಸ್ ಕಿಡ್ನಿಯ ಆಲಿಕೆ, ಸೊಂಟದ ಮೂಳೆಯ ಪೆಲ್ವಿಸ್ ಅಲ್ಲ. ಎರಡಕ್ಕೂ ಒಂದೇ ಹೆಸರಿರುವುದರಿಂದ ಓದುವವರು ಎಡವುತ್ತಾರೆ. ಪಿ.ಯು.ಜೆ. (ಆಲಿಕೆಯೂ ಮೂತ್ರನಾಳವೂ ಕೂಡುವ ಜಾಗ) ನಿಮ್ಮ ದಾರದ ಮೊದಲ ಗಂಟು, ವಿ.ಯು.ಜೆ. (ಮೂತ್ರನಾಳವೂ ಮೂತ್ರಕೋಶವೂ ಕೂಡುವ ಜಾಗ) ಮೂರನೆಯ ಗಂಟು.

ಕೆಲವು ರಿಪೋರ್ಟುಗಳಲ್ಲಿ ಚಿತ್ರಕ್ಕೆ ಹೊಂದದ ಮಾತು ಬರಬಹುದು. ಎರಡು ಮೂತ್ರಪಿಂಡಗಳ ಕೆಳತುದಿಗಳು ಕೂಡಿಕೊಂಡು ಕುದುರೆಯ ಲಾಳದಂತಿರುವುದು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ; ಸುಮಾರು 1,000 ಜನರಲ್ಲಿ ಒಬ್ಬರು ಒಂದೇ ಕಿಡ್ನಿಯೊಂದಿಗೆ ಹುಟ್ಟುತ್ತಾರೆ, ಅನೇಕರಿಗೆ ಅದು ಗೊತ್ತಾಗುವುದೇ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ.

ರಿಪೋರ್ಟಿನ ಕೊನೆಯ ಭಾಗ ಮೂತ್ರಕೋಶದ್ದು. ನೀರು ಕುಡಿದು, ಮೂತ್ರ ತಡೆದುಕೊಂಡು ಬನ್ನಿ ಎಂದಿದ್ದುದು ಕರುಳನ್ನು ಮೇಲಕ್ಕೆ ಸರಿಸಿ ಒಳನೋಟಕ್ಕೆ ಕಿಟಕಿ ತೆರೆಯುವುದಕ್ಕಾಗಿ. ಅದಾದ ಮೇಲೆ ರೋಗಿಯನ್ನು ಶೌಚಾಲಯಕ್ಕೆ ಕಳುಹಿಸಿ ಮತ್ತೆ ಅಳೆದಿದ್ದರೆ ಪೋಸ್ಟ್ ವಾಯ್ಡ್ ರೆಸಿಡ್ಯೂ ಎಂದು ಒಂದು ಸಂಖ್ಯೆ ಬರೆದಿರುತ್ತಾರೆ. ಅದು ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಉಳಿದ ಪ್ರಮಾಣ. ಸಾಮಾನ್ಯವಾಗಿ 50 ಮಿ.ಲೀ.ಗಿಂತ ಕಡಿಮೆ ಇರಬೇಕು. ವಯಸ್ಸಾದ ಗಂಡಸರ ರಿಪೋರ್ಟಿನಲ್ಲಿ ಅದು 100, 150 ಎಂದಿದ್ದರೆ ಒಂದು ಸಾಲು ಕೆಳಗೆ ಪ್ರಾಸ್ಟೇಟಿನ ಗಾತ್ರವನ್ನೂ ಓದಿ. ಮೂತ್ರವಿಸರ್ಜನಾ ನಾಳದ ಮೊದಲ 3 ಸೆಂ.ಮೀ. ಯಾವ ಗ್ರಂಥಿಯ ಒಳಗಿನಿಂದ ಹಾದುಬರುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತಿದೆ.